ಮೆದುಳಿಗೆ ಕಸರತ್ತು: ‘ಶೇ 25’ರ ಸುದ್ದಿಯನ್ನು ಬಿಡಿಸಿ ನೋಡಿದಾಗ

ಕಂಪ್ಯೂಟರಿನಲ್ಲಿ ಕೆಲವು ವಾರ ಅಭ್ಯಾಸ ಮಾಡಿದರೆ ಮುಂದಿನ ಇಪ್ಪತ್ತು ವರ್ಷದಲ್ಲಿ ಡಿಮೆನ್ಷಿಯಾ (ನೆನಪು, ಬುದ್ಧಿಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಬರುವ ಸಂಭವ ಶೇ 25ರಷ್ಟು ತಗ್ಗುತ್ತದೆ ಎಂಬ ಸುದ್ದಿ 2026ರ ಫೆಬ್ರುವರಿಯಲ್ಲಿ ಅಮೆರಿಕದಿಂದ ಬಂತು. ಓದಿದವರಿಗೆ ಗೊಂದಲವಾಗಿದ್ದರೆ ಅದು ಸಹಜ. ಯಾಕೆಂದರೆ ಅದೇ ಅಮೆರಿಕದಲ್ಲಿ ಹತ್ತು ವರ್ಷದ ಹಿಂದೆ, ಇಂಥದೇ ಮಾತು ಹೇಳಿ ಆ್ಯಪ್ ಮಾರುತ್ತಿದ್ದ ಕಂಪನಿಯೊಂದು ಹಣ ತೆರಬೇಕಾಗಿ ಬಂದಿತ್ತು. 2016ರ ಜನವರಿಯಲ್ಲಿ ‘ಲುಮಾಸಿಟಿ’ ಆಟಗಳ ಕಂಪನಿ 20 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಈ ಆಟಗಳು ಕೆಲಸದಲ್ಲಿ, ಓದಿನಲ್ಲಿ ಚುರುಕು ತರುತ್ತವೆ, ವಯಸ್ಸಿನೊಂದಿಗೆ ಬರುವ ಬುದ್ಧಿಶಕ್ತಿಯ ಕುಸಿತವನ್ನು ಮುಂದೂಡುತ್ತವೆ ಎಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟಿದೆ ಎಂಬುದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಆರೋಪವಾಗಿತ್ತು.

ಹಾಗಾದರೆ ಅಂದು ಆಧಾರವಿಲ್ಲದ್ದು ಇಂದು ನಿಜವಾಯಿತೇ? ಆಗಿಲ್ಲ. ಎರಡು ಸುದ್ದಿಗಳಲ್ಲಿ ಇರುವ ಆಟಗಳೇ ಬೇರೆ ಬೇರೆ. ‘ಬ್ರೈನ್ ಟ್ರೈನಿಂಗ್’ ಎಂಬ ಒಂದೇ ಹಣೆಪಟ್ಟಿ ಅಂಟಿಸಿಕೊಂಡು ಹತ್ತಾರು ಬಗೆಯ ಸರಕು ಮಾರುಕಟ್ಟೆಯಲ್ಲಿದೆ. ಅವುಗಳ ಪೈಕಿ ಒಂದರ ಬಗ್ಗೆ ಬಂದ ಫಲಿತಾಂಶವನ್ನು ಉಳಿದವೆಲ್ಲ ತಮ್ಮದೆಂದು ಹೇಳಿಕೊಳ್ಳುತ್ತವೆ. ಗೊಂದಲದ ಬೇರು ಇರುವುದು ಅಲ್ಲಿ.

ಕೈ ಪಳಗುವುದು ಯಾವುದರಲ್ಲಿ?

ದಿನಾ ಪತ್ರಿಕೆಯ ಸುಡೊಕು ಬಿಡಿಸುವವರಿಗೆ ಆರು ತಿಂಗಳಲ್ಲಿ ಸುಡೊಕು ಸಲೀಸಾಗುತ್ತದೆ. ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಅದರಿಂದ ಕನ್ನಡಕ ಎಲ್ಲಿಟ್ಟೆ ಎಂಬುದು ನೆನಪಿರುತ್ತದೆಯೇ, ಬ್ಯಾಂಕಿನ ಲೆಕ್ಕ ತಪ್ಪದೆ ಮಾಡಲು ಬರುತ್ತದೆಯೇ? ಒಂದು ಕಡೆ ಮಾಡಿದ ಅಭ್ಯಾಸ ಇನ್ನೊಂದು ಕಡೆಗೆ ಹರಿಯುತ್ತದೆಯೇ ಎಂಬುದೇ ಈ ಇಡೀ ವಿವಾದದ ತಿರುಳು.

ಹರಿಯುವುದಿಲ್ಲ ಎನ್ನಲು ದೊಡ್ಡ ಪುರಾವೆ ಸಿಕ್ಕಿದ್ದು 2010ರಲ್ಲಿ. ಬ್ರಿಟನ್ನಿನಲ್ಲಿ ಬಿಬಿಸಿಯ ಜೊತೆಗೂಡಿ ನಡೆಸಿದ ಪ್ರಯೋಗದಲ್ಲಿ 11,430 ಮಂದಿ ಆರು ವಾರ ಆನ್‌ಲೈನ್ ಆಟಗಳ ಅಭ್ಯಾಸ ಮಾಡಿದರು. ಆಡಿದ ಆಟದಲ್ಲಿ ಎಲ್ಲರೂ ಸುಧಾರಿಸಿದರು. ಆಡದ ಪರೀಕ್ಷೆಗಳಲ್ಲಿ, ಅವು ಆ ಆಟಗಳಿಗೆ ಹತ್ತಿರದವೇ ಆಗಿದ್ದರೂ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆರು ವಾರ ಸಾಲದು, ಆಡಿದವರಲ್ಲಿ ಅರವತ್ತು ದಾಟಿದವರಿರಲಿಲ್ಲ ಎಂದು ಇನ್ನೊಂದು ಪಕ್ಷ ವಾದಿಸಿತು. 2014ರಲ್ಲಂತೂ ವಿಜ್ಞಾನಿಗಳು ಬಹಿರಂಗವಾಗಿಯೇ ಎರಡು ಬಣವಾದರು. ಸುಮಾರು 70 ಮಂದಿ ಸಹಿ ಹಾಕಿ ಈ ಆಟಗಳ ಬಗ್ಗೆ ಕಂಪನಿಗಳು ಹೇಳುವುದಕ್ಕೆ ಆಧಾರವಿಲ್ಲ ಎಂದರು. ಅದಕ್ಕೆ ಉತ್ತರವಾಗಿ ನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿ, ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕಬೇಡಿ, ಕೆಲವಕ್ಕೆ ಆಧಾರವಿದೆ ಎಂದರು.

ಇಬ್ಬರೂ ತಂತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದರು. ಎರಡನೆಯ ಬಣ ಮುಖ್ಯವಾಗಿ ಬೊಟ್ಟು ಮಾಡುತ್ತಿದ್ದದ್ದು ‘ಆ್ಯಕ್ಟಿವ್’ ಎಂಬ ಅಧ್ಯಯನದ ಕಡೆಗೆ. ಈಗ ಬಂದಿರುವುದು ಅದರದೇ ಇಪ್ಪತ್ತು ವರ್ಷದ ಲೆಕ್ಕ.

ಆ್ಯಕ್ಟಿವ್ ಅಧ್ಯಯನ ನಡೆದ ಬಗೆ

1998ರಲ್ಲಿ ಅಮೆರಿಕದ ಆರು ಕೇಂದ್ರಗಳಲ್ಲಿ ಇದು ಆರಂಭವಾಯಿತು. 65 ದಾಟಿದ, ಆರೋಗ್ಯವಾಗಿದ್ದ, ಯಾರ ಆಸರೆಯೂ ಇಲ್ಲದೆ ಬದುಕುತ್ತಿದ್ದ 2,800ಕ್ಕೂ ಹೆಚ್ಚು ಮಂದಿಯನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದರು. ಅವರ ಸರಾಸರಿ ವಯಸ್ಸು 74ರ ಆಸುಪಾಸು.

ಮೊದಲ ಗುಂಪಿಗೆ ನೆನಪಿನ ತರಬೇತಿ. ಪಟ್ಟಿಯಲ್ಲಿರುವ ಪದಗಳನ್ನು ಬಗೆಬಗೆಯಾಗಿ ಗುಂಪು ಕಟ್ಟಿ, ಚಿತ್ರ ಕಲ್ಪಿಸಿಕೊಂಡು ನೆನಪಿಡುವ ಉಪಾಯಗಳನ್ನು ಕಲಿಸಿದರು. ಎರಡನೆಯದಕ್ಕೆ ತರ್ಕದ ತರಬೇತಿ: ಅಕ್ಷರ, ಅಂಕಿಗಳ ಸರಣಿಯಲ್ಲಿ ಅಡಗಿರುವ ಕ್ರಮ ಹಿಡಿದು ಮುಂದಿನದು ಯಾವುದೆಂದು ಹೇಳುವುದು. ಮೂರನೆಯ ಗುಂಪಿಗೆ ಕಂಪ್ಯೂಟರಿನ ಮುಂದೆ ವೇಗದ ತರಬೇತಿ. ಕಣ್ಣಿಗೆ ಬಿದ್ದದ್ದನ್ನು ಎಷ್ಟು ಬೇಗ ಗ್ರಹಿಸುತ್ತೀರಿ ಎಂಬುದು ಅದರ ವಿಷಯ. ನಾಲ್ಕನೆಯ ಗುಂಪಿಗೆ ಯಾವ ತರಬೇತಿಯೂ ಇಲ್ಲ.

ಪ್ರಮಾಣ ಗಮನಿಸಬೇಕು. ಐದಾರು ವಾರಗಳಲ್ಲಿ ಹತ್ತು ತರಗತಿ, ಒಂದೊಂದು 60ರಿಂದ 75 ನಿಮಿಷ. ಕನಿಷ್ಠ ಎಂಟು ತರಗತಿ ಮುಗಿಸಿದವರಲ್ಲಿ ಕೆಲವರನ್ನು ಮತ್ತೆ ಚೀಟಿ ಎತ್ತಿ ಆರಿಸಿ, 11ನೇ ತಿಂಗಳಲ್ಲಿ ನಾಲ್ಕು, 35ನೇ ತಿಂಗಳಲ್ಲಿ ನಾಲ್ಕು ಮರು ತರಗತಿ ಕೊಟ್ಟರು. ಲಸಿಕೆಯಲ್ಲಿ ಹೇಳುವಂತೆ ಇದನ್ನು ಬೂಸ್ಟರ್ ಎನ್ನುತ್ತಾರೆ. ಎಲ್ಲ ಕೂಡಿದರೂ ಮೂರು ವರ್ಷದಲ್ಲಿ ಹದಿನೆಂಟು ತರಗತಿ, ಹೆಚ್ಚೆಂದರೆ 22 ಗಂಟೆ ಚಿಲ್ಲರೆ. ಇಷ್ಟು ಚಿಕ್ಕ ಅಭ್ಯಾಸದ ಗುರುತು ಇಪ್ಪತ್ತು ವರ್ಷದ ನಂತರವೂ ಉಳಿಯಿತೆಂದರೆ ಅಚ್ಚರಿಯೇ. ಅನುಮಾನ ಹುಟ್ಟುವುದಕ್ಕೂ ಅದೇ ಕಾರಣ.

ಹತ್ತು ವರ್ಷದ ಲೆಕ್ಕ 2014ರಲ್ಲಿ ಬಂದಾಗ ನೆನಪಿನ ತರಬೇತಿಯ ಪರಿಣಾಮ ಅಳಿಸಿಹೋಗಿತ್ತು. ತರ್ಕ ಮತ್ತು ವೇಗದ ತರಬೇತಿ ಪಡೆದವರು ಆಯಾ ವಿಷಯದಲ್ಲಿ ಇನ್ನೂ ಮುಂದಿದ್ದರು. 2017ರಲ್ಲಿ ಮತ್ತೊಂದು ವಿಶ್ಲೇಷಣೆ, ವೇಗದ ಗುಂಪಿನಲ್ಲಿ ಡಿಮೆನ್ಷಿಯಾ ಅಪಾಯ ಶೇ 29 ಕಡಿಮೆ ಎಂದಿತು. 2026ರದು ಈ ಸರಣಿಯ ಮುಂದಿನ ಕಂತು.

ಪರದೆಯ ಮೇಲೆ ಏನು ನಡೆಯುತ್ತದೆ

ಸುದ್ದಿಗಳಲ್ಲಿ ಇದಕ್ಕೆ ‘ಆಟ’ ಎಂಬ ಹೆಸರು ಬಿದ್ದಿದೆ. ನಿಜದಲ್ಲಿ ಇದು ಕಣ್ಣಿನ ಪರೀಕ್ಷೆಯಂತೆ ನೀರಸವಾದ ಕೆಲಸ.

ಪರದೆಯ ನಟ್ಟನಡುವೆ ಒಂದು ವಾಹನ ಕ್ಷಣಮಾತ್ರ ಮಿಂಚಿ ಮಾಯವಾಗುತ್ತದೆ. ಅದು ಕಾರೋ ಟ್ರಕ್ಕೋ ಹೇಳಬೇಕು. ಇದು ಬಂದ ಮೇಲೆ ಎರಡನೆಯ ಹಂತ: ನಡುವಿನ ವಾಹನ ಮಿಂಚುವ ಅದೇ ಕ್ಷಣಕ್ಕೆ ಪರದೆಯ ಅಂಚಿನಲ್ಲಿ ಎಲ್ಲೋ ಒಂದು ಕಡೆ ಇನ್ನೊಂದು ಗುರುತು ಮೂಡುತ್ತದೆ. ನಡುವೆ ಕಂಡದ್ದು ಯಾವುದು, ಅಂಚಿನ ಗುರುತು ಯಾವ ದಿಕ್ಕಿನಲ್ಲಿತ್ತು, ಎರಡನ್ನೂ ಹೇಳಬೇಕು. ಕಣ್ಣನ್ನು ಅತ್ತ ಹೊರಳಿಸಲು ಸಮಯವೇ ಇರುವುದಿಲ್ಲ. ನೋಟ ನಡುವೆಯೇ ನೆಟ್ಟಿರಬೇಕು, ಗಮನ ಮಾತ್ರ ಅಂಚಿನವರೆಗೆ ಹರಡಿರಬೇಕು. ಮೂರನೆಯ ಹಂತದಲ್ಲಿ ಸುತ್ತ ಕಸದಂತೆ ಬೇರೆ ಆಕೃತಿಗಳು ತುಂಬಿರುತ್ತವೆ. ಅವುಗಳ ಮಧ್ಯೆ ಬೇಕಾದ ಗುರುತನ್ನು ಹೆಕ್ಕಬೇಕು.

ಚಿತ್ರ ಪರದೆಯ ಮೇಲೆ ನಿಲ್ಲುವ ಅವಧಿಯೇ ಇಲ್ಲಿನ ಕೀಲಿ. ಅರ್ಧ ಸೆಕೆಂಡಿನಿಂದ ಶುರುವಾಗಿ, ಉತ್ತರ ಸರಿಯಾಗುತ್ತಾ ಹೋದಂತೆ ಅದು ಕಿರಿದಾಗುತ್ತದೆ. ಅಳೆಯುವ ಕೊನೆಯ ಮಿತಿ ಸೆಕೆಂಡಿನ ಸಾವಿರದಲ್ಲಿ ಹದಿನಾರು ಪಾಲು. ನಾಲ್ಕರಲ್ಲಿ ಸುಮಾರು ಮೂರು ಸಲ ಸರಿ ಹೇಳುವಷ್ಟು ಪಳಗಿದ ಕೂಡಲೇ ಯಂತ್ರ ಮುಂದಿನ ಕಷ್ಟಕ್ಕೆ ದೂಡುತ್ತದೆ. ಹೀಗಾಗಿ ಆಡುವವರು ಸದಾ ತಮ್ಮ ಶಕ್ತಿಯ ಅಂಚಿನಲ್ಲೇ ಇರುತ್ತಾರೆ, ಯಾವಾಗಲೂ ಒಂದಷ್ಟು ತಪ್ಪುತ್ತಲೇ ಇರುತ್ತಾರೆ. ಸುಡೊಕು, ಪದಬಂಧಗಳಲ್ಲಿ ಇದು ಇಲ್ಲ. ಅಲ್ಲಿ ಪಳಗಿದ ಮೇಲೆ ಕೆಲಸ ಹಗುರವಾಗುತ್ತದೆ. ಇಲ್ಲಿ ಪಳಗಿದಷ್ಟೂ ಕೆಲಸ ಬಿಗಿಯಾಗುತ್ತದೆ.

ಈ ತರಬೇತಿಯ ಹಕ್ಕು ಈಗ ಪಾಸಿಟ್ ಸೈನ್ಸ್ ಎಂಬ ಕಂಪನಿಯದು. ಅದರ ‘ಬ್ರೈನ್‌ಎಚ್‌ಕ್ಯೂ’ ತಾಣದಲ್ಲಿ ‘ಡಬಲ್ ಡಿಸಿಷನ್’ ಎಂಬ ಹೆಸರಿನಲ್ಲಿ ಪರಿಷ್ಕೃತ ರೂಪದಲ್ಲಿ ಸಿಗುತ್ತದೆ.

ಇದು ಕೆಲಸ ಮಾಡಿದ್ದರೆ ಯಾಕಿರಬಹುದು ಎಂಬುದಕ್ಕೆ ಸಂಶೋಧಕರು ಕೊಡುವ ವಿವರಣೆ ಹೀಗೆ. ನೆನಪಿನ ಉಪಾಯಗಳನ್ನು ನಾವು ತಿಳಿದು ಬಳಸುತ್ತೇವೆ. ಬಳಸುವುದನ್ನು ಬಿಟ್ಟರೆ ಹೋಯಿತು. ವೇಗದ ತರಬೇತಿಯಲ್ಲಿ ಅಂಥ ಉಪಾಯವೇ ಇಲ್ಲ. ಸೈಕಲ್, ಈಜು ಬಂದ ಹಾಗೆ ಅದು ಅರಿವಿಗೆ ಬಾರದೆ ಮೈಗೂಡುತ್ತದೆ. ಹಾಗೆ ಕಲಿತದ್ದನ್ನು ಮೆದುಳಿನ ಬೇರೆ ಭಾಗಗಳು ಕಾಪಿಡುತ್ತವೆ, ಅದು ಬಹುಕಾಲ ಬಾಳುತ್ತದೆ. 2025ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 92 ಹಿರಿಯರ ಪೈಕಿ ಒಂದು ಪಾಲಿಗೆ ಹತ್ತು ವಾರ, ದಿನಕ್ಕೆ 30 ನಿಮಿಷ ಇಂಥ ಅಭ್ಯಾಸ ಮಾಡಿಸಿ ಸ್ಕ್ಯಾನ್ ತೆಗೆದರು. ಗಮನಕ್ಕೆ ಸಂಬಂಧಿಸಿದ ಒಂದು ಭಾಗದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಚಟುವಟಿಕೆ ಶೇ 2.3 ಹೆಚ್ಚಿತ್ತು, ಸಾಲಿಟೇರ್‌ನಂಥ ಮಾಮೂಲಿ ಆಟ ಆಡಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಮೆದುಳಿನಲ್ಲಿ ಏನೋ ಬದಲಾಗುತ್ತದೆ ಎನ್ನಲು ಇಷ್ಟು ಸಾಕು. ಡಿಮೆನ್ಷಿಯಾ ತಡೆಯಿತು ಎನ್ನಲು ಸಾಲದು.

49ರಿಂದ 40ಕ್ಕೆ ಇಳಿದರೆ ಶೇ 25 ಹೇಗೆ?

ಇಪ್ಪತ್ತು ವರ್ಷದ ಲೆಕ್ಕಕ್ಕೆ ಸಂಶೋಧಕರು ಯಾರನ್ನೂ ಮರಳಿ ಕರೆದು ಪರೀಕ್ಷೆ ಮಾಡಲಿಲ್ಲ. ಅಮೆರಿಕದಲ್ಲಿ ಹಿರಿಯರಿಗೆ ಇರುವ ಸರ್ಕಾರಿ ವಿಮೆ ಮೆಡಿಕೇರ್‌ನ ಬಿಲ್ ದಾಖಲೆ ತೆಗೆದು, ಯಾರಿಗೆ ಯಾವಾಗ ಡಿಮೆನ್ಷಿಯಾ ಎಂದು ಬರೆಯಲಾಗಿದೆ ಎಂದು ನೋಡಿದರು. ಹಾಗೆ ದಾಖಲೆ ಸಿಕ್ಕವರು 2,021 ಮಂದಿ.

ತರಬೇತಿಯೇ ಇಲ್ಲದ 491 ಮಂದಿಯಲ್ಲಿ 239 ಜನರಿಗೆ ಡಿಮೆನ್ಷಿಯಾ ದಾಖಲಾಗಿತ್ತು, ಅಂದರೆ ಶೇ 49. ವೇಗದ ತರಬೇತಿ ಪಡೆದು ಬೂಸ್ಟರನ್ನೂ ಪಡೆದ 264 ಮಂದಿಯಲ್ಲಿ 105 ಜನರಿಗೆ, ಅಂದರೆ ಶೇ 40. ವ್ಯತ್ಯಾಸ ಒಂಬತ್ತು. ಹಾಗಿದ್ದರೆ 25 ಎಲ್ಲಿಂದ ಬಂತು?

ಮೂರು ಬೇರೆ ಅಂಕಿಗಳು ಇಲ್ಲಿ ಕಲಸಿಹೋಗಿವೆ. ನೂರಕ್ಕೆ 49 ಇದ್ದದ್ದು 40 ಆಯಿತು ಎಂಬುದು ನೇರ ವ್ಯತ್ಯಾಸ. ಇದನ್ನು ಹಿಡಿದರೆ, ಸುಮಾರು 11 ಮಂದಿ ಈ ತರಬೇತಿ ಪಡೆದರೆ ಒಬ್ಬರು ಆ ಅವಧಿಯಲ್ಲಿ ಕಾಯಿಲೆಯ ಪಟ್ಟಿಯಿಂದ ಹೊರಗುಳಿದ ಹಾಗೆ. 49ರಲ್ಲಿ 9 ಎಷ್ಟನೇ ಪಾಲು ಎಂದು ನೋಡಿದರೆ ಶೇ 18. ಇದು ಹೋಲಿಕೆಯ ವ್ಯತ್ಯಾಸ. ಶೇ 25 ಬರುವುದು ಕಾಲವನ್ನೂ ಲೆಕ್ಕಕ್ಕೆ ಸೇರಿಸಿದಾಗ. ಬರೀ ತಲೆ ಎಣಿಸಿದರೆ ಎಂಟನೇ ವರ್ಷಕ್ಕೆ ಕಾಯಿಲೆ ಬಂದವರೂ ಹದಿನೆಂಟನೇ ವರ್ಷಕ್ಕೆ ಬಂದವರೂ ಒಂದೇ. ಕಾಯಿಲೆ ಬರುವ ಮೊದಲೇ ತೀರಿಕೊಂಡವರದು ಇನ್ನೊಂದು ತೊಡಕು. ಪ್ರತಿಯೊಬ್ಬರೂ ಎಷ್ಟು ವರ್ಷ ಕಾಯಿಲೆಯಿಲ್ಲದೆ ಕಳೆದರು ಎಂಬುದನ್ನು ಹಿಡಿದು, ವಯಸ್ಸಿನಂಥ ಅಂಶಗಳನ್ನು ಸರಿದೂಗಿಸಿ, ಯಾವುದೇ ಒಂದು ಹೊತ್ತಿನಲ್ಲಿ ಕಾಯಿಲೆ ಎರಗುವ ಸಂಭವ ಎಷ್ಟು ಎಂದು ಹೇಳುವ ಲೆಕ್ಕ ಇದು. ಆ ಸಂಭವ ಕಾಲು ಭಾಗ ಕಡಿಮೆ ಇತ್ತು.

ಮೂರೂ ಸರಿಯಾದ ಅಂಕಿಗಳೇ. ಆದರೆ ಸುದ್ದಿಯ ತಲೆಬರಹಕ್ಕೆ ಏರುವುದು ಯಾವಾಗಲೂ ದೊಡ್ಡದು. ಗುಂಪು ಚಿಕ್ಕದು, 264 ಮಂದಿಯದು. ಆದ್ದರಿಂದ ನಿಜವಾದ ಲಾಭ 25ಕ್ಕಿಂತ ಸಾಕಷ್ಟು ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು.

ಇನ್ನೊಂದು ಅಂಶ ಬಹಳಷ್ಟು ವರದಿಗಳಲ್ಲಿ ಒಂದೇ ಸಾಲಿಗೆ ಮುಗಿದುಹೋಗುತ್ತದೆ. ನೆನಪಿನ ತರಬೇತಿ, ತರ್ಕದ ತರಬೇತಿ ಪಡೆದವರಲ್ಲಿ ಇಂಥ ಲಾಭ ಕಾಣಲಿಲ್ಲ. ವೇಗದ ತರಬೇತಿ ಪಡೆದು ಬೂಸ್ಟರ್ ಪಡೆಯದವರಲ್ಲೂ ಕಾಣಲಿಲ್ಲ.

ಅನುಮಾನ ಮತ್ತು ಅದಕ್ಕೆ ಉತ್ತರ

ಬೂಸ್ಟರ್ ಗುಂಪಿಗೆ ಸೇರಬೇಕಾದರೆ ಎಂಟು ತರಗತಿ ಮುಗಿಸಿರಬೇಕಿತ್ತು. ಮುಗಿಸದೆ ಬಿಟ್ಟವರಲ್ಲಿ ಆಗಲೇ ಒಳಗೊಳಗೆ ಮರೆವು ಶುರುವಾಗಿದ್ದವರು ಇದ್ದಿರಬಹುದು. ಅವರೆಲ್ಲ ಬೂಸ್ಟರ್ ಇಲ್ಲದ ಗುಂಪಿಗೆ ಬಿದ್ದರೆ ಆ ಗುಂಪು ತಾನಾಗಿಯೇ ಕಳೆಗುಂದುತ್ತದೆ, ಬೂಸ್ಟರ್ ಗುಂಪು ತಾನಾಗಿಯೇ ಹೊಳೆಯುತ್ತದೆ. ಯಾವ ತರಬೇತಿಯೂ ಇಲ್ಲದ ನಾಲ್ಕನೆಯ ಗುಂಪಿಗೆ ಇಂಥ ಜರಡಿಯೇ ಇರಲಿಲ್ಲ. ಹಾಗಾಗಿ ಕಂಡದ್ದು ತರಬೇತಿಯ ಗುಣವೋ, ಬಿಡದೆ ಬರುವ ಜನರ ಗುಣವೋ?

ಇದು ಗಟ್ಟಿಯಾದ ಆಕ್ಷೇಪ. ಆದರೆ ಅದಕ್ಕೆ ಅಧ್ಯಯನದೊಳಗೇ ಒಂದು ಒಳ್ಳೆಯ ಉತ್ತರವೂ ಇದೆ. ಎಂಟು ತರಗತಿಯ ನಿಯಮ ನೆನಪು ಮತ್ತು ತರ್ಕದ ಗುಂಪುಗಳಿಗೂ ಇತ್ತು. ಬಿಡದೆ ಬರುವ ಸ್ವಭಾವವೇ ಕಾರಣವಾಗಿದ್ದರೆ ಅಲ್ಲಿಯ ಬೂಸ್ಟರ್ ಗುಂಪುಗಳಲ್ಲೂ ಡಿಮೆನ್ಷಿಯಾ ಇಳಿಯಬೇಕಿತ್ತು. ಇಳಿಯಲಿಲ್ಲ. ಈ ಒಂದು ಅಂಶ ವೇಗದ ತರಬೇತಿಯ ಪರವಾಗಿ ನಿಲ್ಲುವ ಅತಿ ಬಲವಾದ ಸಾಕ್ಷಿ.

ಉಳಿದ ಆಕ್ಷೇಪಗಳು ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಅಧ್ಯಯನ ಶುರು ಮಾಡುವಾಗ ಅಳೆಯಲು ಹೊರಟಿದ್ದು ಬುದ್ಧಿಶಕ್ತಿ ಮತ್ತು ದಿನನಿತ್ಯದ ಕೆಲಸದ ಸಾಮರ್ಥ್ಯವನ್ನು. ಡಿಮೆನ್ಷಿಯಾ ಆಮೇಲೆ ಹೊಳೆದ ಪ್ರಶ್ನೆ. ಮೂರು ತರಬೇತಿ, ಪ್ರತಿಯೊಂದರಲ್ಲೂ ಬೂಸ್ಟರ್ ಉಂಟು ಮತ್ತು ಇಲ್ಲ ಎಂದರೆ ಆರು ಹೋಲಿಕೆ. ಆರರಲ್ಲಿ ಒಂದು ಗೆದ್ದಿದೆ. ಹೆಚ್ಚು ಸಲ ಕವಡೆ ಎಸೆದಷ್ಟೂ ಒಮ್ಮೆಯಾದರೂ ಗರ ಬೀಳುವ ಸಂಭವ ಹೆಚ್ಚು. ಬಿಲ್ಲಿನಲ್ಲಿ ಬರೆದ ರೋಗದ ಹೆಸರು ತಜ್ಞರ ತಪಾಸಣೆಗೆ ಸಮನಲ್ಲ ಎಂಬುದೂ ನಿಜ. ಸುಮ್ಮನೆ ಮನೆಯಲ್ಲಿದ್ದವರೊಂದಿಗೆ ಹೋಲಿಸಿದ್ದರಿಂದ, ವಾರಕ್ಕೆರಡು ಸಲ ಹೊರಗೆ ಬಂದು ಜನರೊಂದಿಗೆ ಕೂತದ್ದರ ಪಾಲು ಎಷ್ಟು ಎಂಬ ಪ್ರಶ್ನೆಯೂ ಉಳಿಯುತ್ತದೆ.

ಇದನ್ನು ತೀರ್ಮಾನಿಸಲೆಂದೇ ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ‘ಪ್ಯಾಕ್ಟ್’ ಎಂಬ ದೊಡ್ಡ ಪ್ರಯೋಗ ನಡೆಯುತ್ತಿದೆ. 7,600 ಮಂದಿ ಅದರ ಗುರಿ. ಅದರಲ್ಲಿ ಹೋಲಿಕೆಯ ಗುಂಪಿನವರೂ ಕಂಪ್ಯೂಟರಿನ ಮುಂದೆಯೇ ಕೂರುತ್ತಾರೆ, ಮಾಮೂಲಿ ಆಟ ಆಡುತ್ತಾರೆ. ಅದರ ಫಲಿತಾಂಶ ಬರುವವರೆಗೆ ‘ಭರವಸೆ ಹುಟ್ಟಿಸುವ ಪುರಾವೆ’ ಎನ್ನಬಹುದು, ‘ಸಾಬೀತಾಗಿದೆ’ ಎನ್ನಲಾಗದು.

ಪದಬಂಧ ಗೆದ್ದ ಪ್ರಯೋಗ

ಕಂಪ್ಯೂಟರ್ ಆಟವೆಂದರೆ ಪದಬಂಧಕ್ಕಿಂತ ಮೇಲು ಎಂದು ತೀರ್ಮಾನಿಸುವ ಮೊದಲು ಇನ್ನೊಂದು ಫಲಿತಾಂಶ ನೋಡಬೇಕು. ಅಮೆರಿಕದ ಕೊಲಂಬಿಯಾ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳು 107 ಮಂದಿಯನ್ನು 78 ವಾರ ಗಮನಿಸಿದವು. ಇವರೆಲ್ಲ ಮರೆವಿನ ಮೊದಲ ಮೆಟ್ಟಿಲಲ್ಲಿದ್ದವರು. ಡಿಮೆನ್ಷಿಯಾ ಎನ್ನುವಷ್ಟಿಲ್ಲ, ವಯಸ್ಸಿನ ಸಹಜ ಮರೆವೂ ಅಲ್ಲ. ಅರ್ಧದಷ್ಟು ಜನ ಕಂಪ್ಯೂಟರಿನಲ್ಲಿ ಮೆದುಳಿನ ಆಟ ಆಡಿದರು, ಉಳಿದವರು ಪದಬಂಧ ತುಂಬಿದರು. ಮೊದಲ 12 ವಾರ, ವಾರಕ್ಕೆ ನಾಲ್ಕು ದಿನ, 30 ನಿಮಿಷದಂತೆ. ಆಮೇಲೆ ಆಗಾಗ ಬೂಸ್ಟರ್. 2022ರಲ್ಲಿ ಫಲಿತಾಂಶ ಬಂದಾಗ ಪದಬಂಧದವರೇ ಮೇಲುಗೈ ಸಾಧಿಸಿದ್ದರು. ಅವರ ಮೆದುಳು ಕುಗ್ಗಿದ್ದೂ ಕಡಿಮೆ.

ಎರಡು ಫಲಿತಾಂಶಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂದುಕೊಳ್ಳಬೇಕಿಲ್ಲ. ಆ್ಯಕ್ಟಿವ್‌ನಲ್ಲಿದ್ದವರು ಆರೋಗ್ಯವಂತರು, ಇಲ್ಲಿದ್ದವರಿಗೆ ತೊಂದರೆ ಶುರುವಾಗಿತ್ತು. ಅಲ್ಲಿಯದು ಒಂದೇ ವೇಗದ ಅಭ್ಯಾಸ, ಇಲ್ಲಿಯವು ನಾನಾ ಬಗೆಯ ಆಟಗಳು. ಮರೆವು ಶುರುವಾದವರಿಗೆ ಹೊಸ ಆಟದ ನಿಯಮ ಕಲಿಯುವುದೇ ಹೊರೆ. ಬಾಳಿನುದ್ದಕ್ಕೂ ಕೂಡಿಟ್ಟ ಪದಗಳನ್ನು ಹೊರತೆಗೆಯುವುದು ಹಗುರ ಎಂದು ಊಹಿಸಬಹುದು. ಇಲ್ಲಿ ಏನೂ ಮಾಡದ ಗುಂಪು ಇರಲಿಲ್ಲ. ಆದ್ದರಿಂದ ಪದಬಂಧ ಮರೆವನ್ನು ತಡೆಯಿತು ಎನ್ನುವುದಕ್ಕಿಂತ, ಆ ಆಟಗಳಿಗಿಂತ ವಾಸಿ ಎನ್ನುವುದೇ ಸರಿ. ಮರೆವು ಶುರುವಾದವರ ಕೈಗೆ ಆ್ಯಪ್ ಕೊಡುವ ಅವಸರ ಬೇಡ ಎಂಬಷ್ಟು ಮಾತ್ರ ಇದರಿಂದ ಸ್ಪಷ್ಟ.

ಮನೆಯಲ್ಲಿ ಮಾಡುವುದಾದರೆ

ಅಧ್ಯಯನಕ್ಕೆ ಹತ್ತಿರದ ರೂಪದಲ್ಲಿ ಮಾಡಬೇಕೆನ್ನುವವರು ಮೊದಲು ಕಣ್ಣು ತೋರಿಸಿಕೊಳ್ಳಬೇಕು. ಪೊರೆ ಬಂದಿದ್ದರೆ, ಕನ್ನಡಕದ ನಂಬರ್ ಹಳೆಯದಾಗಿದ್ದರೆ ಅಂಚಿನ ಗುರುತು ಕಾಣುವುದೇ ಇಲ್ಲ. ಅಂಕ ಕಡಿಮೆ ಬರುತ್ತದೆ, ಮೆದುಳೇ ಮಂದವಾಗಿದೆ ಎಂಬ ವೃಥಾ ಹೆದರಿಕೆ ಹುಟ್ಟುತ್ತದೆ. ಮೊಬೈಲ್ ಬೇಡ. ಅಂಗೈಯಗಲದ ಪರದೆಯಲ್ಲಿ ನಡುವೂ ಅಂಚೂ ಒಂದೇ ನೋಟಕ್ಕೆ ಸಿಕ್ಕಿಬಿಡುವುದರಿಂದ ಗಮನ ಹರಡುವ ಅಭ್ಯಾಸವೇ ಆಗುವುದಿಲ್ಲ. ಲ್ಯಾಪ್‌ಟಾಪ್ ಅಥವಾ ದೊಡ್ಡ ಟ್ಯಾಬ್ ಇರಲಿ, ಬೆಳಕು ಪೂರ್ತಿ ಏರಿಸಿರಲಿ, ಕಿಟಕಿಯ ಬೆಳಕು ಪರದೆಗೆ ಬಡಿಯದಿರಲಿ. ಸೂಚನೆಗಳು ಇಂಗ್ಲಿಷಿನಲ್ಲಿ ಇರುವುದರಿಂದ ಮೊದಲೆರಡು ದಿನ ಮನೆಯ ಕಿರಿಯರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು. ನಿಯಮ ತಿಳಿದ ಮೇಲೆ ಭಾಷೆಯ ಕೆಲಸವಿಲ್ಲ, ಇರುವುದೆಲ್ಲ ಚಿತ್ರ.

ವಾರಕ್ಕೆ ಎರಡು ಸಲ, ಒಂದು ಗಂಟೆಯಂತೆ ಐದು ವಾರ. ಒಂದೇ ಸಲ ಗಂಟೆ ಕೂರಲಾಗದವರು ನಡುವೆ ಎದ್ದು ಓಡಾಡಬಹುದು. ಕ್ಯಾಲೆಂಡರಿನಲ್ಲಿ ಈಗಲೇ ಎರಡು ಗುರುತು ಹಾಕಿಡಬೇಕು: ಹನ್ನೊಂದನೇ ತಿಂಗಳಲ್ಲಿ ನಾಲ್ಕು ತರಗತಿ, ಮೂರು ವರ್ಷ ತುಂಬುವ ಹೊತ್ತಿಗೆ ಮತ್ತೆ ನಾಲ್ಕು. ಹೆಚ್ಚಿನವರು ಸೋಲುವುದು ಇಲ್ಲೇ. ಉತ್ಸಾಹದಲ್ಲಿ ತಿಂಗಳು ಮಾಡಿ ಕೈಬಿಡುತ್ತಾರೆ. ಬೂಸ್ಟರ್ ಇಲ್ಲದವರಿಗೆ ಲಾಭವೇ ಕಾಣಲಿಲ್ಲ ಎಂಬುದನ್ನು ಮೇಲೆ ನೋಡಿದೆವು.

ಕಷ್ಟ ಹೆಚ್ಚಾದಾಗ ಹಳೆಯ ಸುಲಭದ ಮಟ್ಟಕ್ಕೆ ಮರಳಿ ಅಂಕ ಕೂಡಿಸುವುದು ಇನ್ನೊಂದು ಎಡವಟ್ಟು. ತಪ್ಪುಗಳೇ ಇಲ್ಲದ ದಿನ ಅಭ್ಯಾಸವೇ ನಡೆದಿಲ್ಲ ಎಂದರ್ಥ. ಟಿವಿ ಹಾಕಿಕೊಂಡು ಆಡುವುದು, ಕಾಣದಿದ್ದರೂ ಅಂದಾಜಿಗೆ ಒತ್ತುವುದು, ಊಟವಾದ ಕೂಡಲೇ ತೂಕಡಿಕೆಯ ಹೊತ್ತಿಗೆ ಕೂರುವುದು, ಇವೆಲ್ಲ ಯಂತ್ರಕ್ಕೆ ತಪ್ಪು ಲೆಕ್ಕ ಕೊಡುತ್ತವೆ. ಮಟ್ಟ ಏರಬೇಕಾದ ಕಡೆ ಏರುವುದಿಲ್ಲ.

ದುಡ್ಡಿನ ವಿಷಯ ಒಂದು. ಉಚಿತ ಪ್ರಯೋಗದ ಹೆಸರಿನಲ್ಲಿ ಒಮ್ಮೆ ಒಪ್ಪಿಗೆ ಒತ್ತಿದರೆ ಅವಧಿ ಮುಗಿದ ಮೇಲೆ ಹಣ ತಾನಾಗಿ ಕಡಿತವಾಗುವ ಆ್ಯಪ್‌ಗಳು ಬಹಳ. ಫೋನಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಪ್ಲೇಸ್ಟೋರಿನ ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲೂ, ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಯಲ್ಲೂ ಹೋಗಿ ರದ್ದು ಮಾಡಬೇಕು. ಹಾಗೆಯೇ, ಆ್ಯಪ್ ಒಂದು ‘ನೆನಪಿನ ಶಕ್ತಿ’, ‘ಐಕ್ಯೂ’, ‘ಏಕಾಗ್ರತೆ’ ಎಲ್ಲವನ್ನೂ ಹೆಚ್ಚಿಸುತ್ತೇನೆ ಎಂದರೆ, ಅದರೊಳಗಿನ ಯಾವ ಆಟವನ್ನು, ಯಾವ ವಯಸ್ಸಿನವರ ಮೇಲೆ, ಎಷ್ಟು ಕಾಲ ಪರೀಕ್ಷಿಸಲಾಗಿದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಅದು ಕಾಲ ಕಳೆಯುವ ಆಟ. ಕಾಲ ಕಳೆಯಲು ಚೌಕಾಬಾರ, ಚದುರಂಗ, ಅಳಿಗುಳಿಮಣೆಗಳೇ ಮೇಲು. ಎದುರಿಗೆ ಮಾತಾಡಲು ಒಬ್ಬರು ಇರುತ್ತಾರೆ.

ಆಟಕ್ಕಿಂತ ಮೊದಲು ನೋಡಬೇಕಾದ್ದು

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಹಿರಿಯರು ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ, ದಿನಾ ಓಡಾಡುವ ದಾರಿಯಲ್ಲೇ ತಪ್ಪಿಸಿಕೊಂಡರೂ ಮನೆಯವರು ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ. ಚಿಲ್ಲರೆ ಲೆಕ್ಕ ತಪ್ಪುವುದು, ಬಳಸಿ ರೂಢಿಯಾದ ಗ್ಯಾಸ್ ಒಲೆ ಹಚ್ಚಲು ತಡಬಡಾಯಿಸುವುದು ಇವೆಲ್ಲ ವೈದ್ಯರಿಗೆ ತೋರಿಸಬೇಕಾದ ಲಕ್ಷಣ. ಇದರಲ್ಲಿ ಸರಿಪಡಿಸಬಹುದಾದ ಕಾರಣಗಳೂ ಇರುತ್ತವೆ: ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ರೆಯ ಮತ್ತು ಮೂತ್ರಕೋಶದ ಮಾತ್ರೆಗಳು. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕುಸಿಯುವುದು ಮಾಮೂಲು. ಇಂಥವರ ಕೈಗೆ ಆಟ ಕೊಟ್ಟು ಆರು ತಿಂಗಳು ಕಾಯುವುದು ಆರು ತಿಂಗಳು ಕಳೆದುಕೊಂಡಂತೆ.

ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಕೆಟ್ಟ ಕೊಲೆಸ್ಟರಾಲ್, ಬಿಪಿ, ಸಕ್ಕರೆ, ತಂಬಾಕು, ಒಂಟಿತನ, ಹೊಗೆ ತುಂಬಿದ ಗಾಳಿ, ಬಾಲ್ಯದಲ್ಲಿ ಓದಿಲ್ಲದಿರುವುದು ಆ ಪಟ್ಟಿಯಲ್ಲಿವೆ. ಕಿವಿಯ ವಿಷಯ ಎಲ್ಲರೂ ಕಡೆಗಣಿಸುವಂಥದ್ದು. ಅರ್ಧಂಬರ್ಧ ಕೇಳಿಸಿದ್ದನ್ನು ಜೋಡಿಸಿಕೊಳ್ಳುವುದರಲ್ಲೇ ಮೆದುಳಿನ ಶಕ್ತಿ ಸೋರುತ್ತದೆ; ಕೇಳಿಸದವರು ಮಾತಿನಿಂದಲೂ ದೂರವಾಗುತ್ತಾರೆ.

2025ರಲ್ಲಿ ಅಮೆರಿಕದ ಪಾಯಿಂಟರ್ ಪ್ರಯೋಗ, 60ರಿಂದ 79 ವಯಸ್ಸಿನ 2,111 ಮಂದಿಯ ಪೈಕಿ ಅರ್ಧದಷ್ಟು ಜನರ ಮೇಲೆ ವ್ಯಾಯಾಮ, ಆಹಾರ, ಕಂಪ್ಯೂಟರ್ ತರಬೇತಿ, ಒಡನಾಟ, ಬಿಪಿ-ಶುಗರ್ ನಿಗಾ ಎಲ್ಲವನ್ನೂ ಒಟ್ಟಿಗೆ ಎರಡು ವರ್ಷ ನಡೆಸಿ ಬುದ್ಧಿಶಕ್ತಿ ಸುಧಾರಿಸಿದ್ದನ್ನು ತೋರಿಸಿತು. ಸಾರಿನಲ್ಲಿ ಹುಳಿಯ ಪಾಲೆಷ್ಟು, ಉಪ್ಪಿನದೆಷ್ಟು ಎಂದು ಬೇರ್ಪಡಿಸಲಾಗದ ಹಾಗೆ, ಇದರಲ್ಲಿ ಆಟದ ಪಾಲೆಷ್ಟು ಎಂದು ಹೇಳಲು ಬರುವುದಿಲ್ಲ.

ಪರದೆ ಮುಟ್ಟದವರಿಗೆ?

ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದೊಂದಿಗೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆ ಅಂದಾಜಿಸಿತು. ಹೆಂಗಸರಲ್ಲಿ, ಹಳ್ಳಿಗರಲ್ಲಿ, ಓದು ಬಾರದವರಲ್ಲಿ ಪ್ರಮಾಣ ಹೆಚ್ಚು. ಆ್ಯಕ್ಟಿವ್‌ನಲ್ಲಿದ್ದವರು ಸರಾಸರಿ ಹದಿಮೂರು ವರ್ಷ ಓದಿದ ಅಮೆರಿಕನ್ನರು. ನಮ್ಮಲ್ಲಿ ಅಪಾಯ ಹೆಚ್ಚಿರುವವರು ಯಾರೋ ಅವರ ಮೇಲೆ ಈ ತರಬೇತಿಯ ಪರೀಕ್ಷೆ ನಡೆದೇ ಇಲ್ಲ. ನಮ್ಮ ಜನರ ಮೆದುಳು ಹೇಗೆ ಮಾಗುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳಿಂದ ಗಮನಿಸುತ್ತಿದೆ.

ಆ ಸೀಮೆಯಲ್ಲಿ ಕನ್ನಡ, ತೆಲುಗು ಎರಡನ್ನೂ ಸಲೀಸಾಗಿ ಆಡುವವರೇ ಹೆಚ್ಚು. ಇದಕ್ಕೂ ಮೆದುಳಿಗೂ ನಂಟಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಮಾತು ಮಾತಿಗೂ ಒಂದು ಭಾಷೆಯನ್ನು ತಡೆದು ಇನ್ನೊಂದನ್ನು ಹೊರಗೆ ಬಿಡುವುದು ಗಮನಕ್ಕೆ ದಿನವಿಡೀ ನಡೆಯುವ ಅಭ್ಯಾಸ. ಇದೂ ಗಮನಿಸಿ ಹೇಳಿದ್ದು, ಪ್ರಯೋಗ ಮಾಡಿ ಸಾಬೀತು ಮಾಡಿದ್ದಲ್ಲ.

ಪ್ರಯೋಗ ಮಾಡಿ ತೋರಿಸಿದ್ದು ಇನ್ನೊಂದಿದೆ. ಚೀನಾದ 326 ಹಳ್ಳಿಗಳಲ್ಲಿ ಬಿಪಿ ಹತೋಟಿಯಲ್ಲಿಲ್ಲದ ಸುಮಾರು 34,000 ಮಂದಿಯ ಪೈಕಿ ಒಂದು ಪಾಲಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದು ಪಾಲಿಗೆ ಊರಿನ ಆರೋಗ್ಯ ಕಾರ್ಯಕರ್ತರೇ ಬೆನ್ನುಹತ್ತಿ ಬಿಪಿ ಅಳೆದು ಮಾತ್ರೆ ಸರಿಹೊಂದಿಸುವ ವ್ಯವಸ್ಥೆ. ನಾಲ್ಕು ವರ್ಷದಲ್ಲಿ ಎರಡನೆಯ ಪಾಲಿನಲ್ಲಿ ಡಿಮೆನ್ಷಿಯಾ ಶೇ 15 ಕಡಿಮೆ. 2025ರಲ್ಲಿ ಬಂದ ಈ ಫಲಿತಾಂಶಕ್ಕೆ ಶೇ 25ರ ಸುದ್ದಿಗೆ ಸಿಕ್ಕಷ್ಟು ಸದ್ದು ಸಿಗಲಿಲ್ಲ. ಕರ್ನಾಟಕದಲ್ಲಿ ಕೋಲಾರದಿಂದಲೇ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಅಳೆದ ಅಂಕಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಶುರು ಮಾಡಿದ ಮಾತ್ರೆಯನ್ನು ತಲೆಸುತ್ತು ನಿಂತಿತೆಂದು ಅರ್ಧಕ್ಕೆ ಬಿಡದೆ, ತಿಂಗಳಿಗೊಮ್ಮೆ ಮತ್ತೆ ಅಳೆಸಿಕೊಳ್ಳಲು ಲ್ಯಾಪ್‌ಟಾಪ್ ಬೇಕಿಲ್ಲ.